ಕ್ರಿಸಾಂತಾಳ ನೀಲಿ ಡಬ್ಬಿ

ನಮ್ಮ ಆಸ್ಪತ್ರೆಯ ಧರ್ಮದ ವಾರ್ಡಿನಲ್ಲಿ ಗೋಡೆಗೆ ಒಂದು ದೇವರ ಗೂಡಿದೆ. ಅದರಲ್ಲಿ ಕೆಂಪು ನಿಲುವಂಗಿ ತೊಟ್ಟ ಬಾಲ ಯೇಸು, ನಮ್ಮ ಸಾಂತೋ ನಿನ್ಯೋ, ನಿಂತಿದ್ದಾನೆ. ಆದರೆ ಜನ ಬೇಡಿಕೊಳ್ಳುತ್ತಿದ್ದದ್ದು ಅವನನ್ನಲ್ಲ. ಅವನ ಕೆಳಗೆ ನರ್ಸಮ್ಮನ ಮೇಜಿನ ಮೇಲೆ ಕೂತಿರುತ್ತಿದ್ದ ನೀಲಿ ಬಣ್ಣದ ಬಿಸ್ಕತ್ತಿನ ಡಬ್ಬಿಯನ್ನು. ಈ ಮಾತನ್ನು ನಾನು ಪಾದ್ರಿಗಳ ಎದುರಿಗೇ ಹೇಳಿದ್ದೇನೆ. ಆಗ ಅವರು ನನ್ನ ಅಂಗಡಿಯ ಬಾಚೋಯ್ ಸೂಪು ಕುಡಿಯುತ್ತಿದ್ದರು, ಹಾಗಾಗಿ ಬೈಯಲಿಕ್ಕಾಗದೆ ನಕ್ಕು ಸುಮ್ಮನಾದರು.

ನನ್ನ ಹೆಸರು ಬೆಬಾಂಗ್. ಆಸ್ಪತ್ರೆಯ ಗೇಟಿಗೆ ಅಂಟಿಕೊಂಡಂತೆ ನನ್ನ ಊಟದಂಗಡಿ ಇದೆ. ರೋಗಿಯ ಜೊತೆ ಬಂದು ಕಾವಲು ಕೂರುವ ಮನೆಯವರನ್ನು ನಮ್ಮಲ್ಲಿ ಬಾಂತಾಯ್ ಅನ್ನುತ್ತಾರೆ. ರೋಗಿ ಮಂಚದ ಮೇಲೆ, ಬಾಂತಾಯ್ ಮಂಚದ ಕೆಳಗೆ ರಟ್ಟು ಹಾಸಿಕೊಂಡು. ಈ ಬಾಂತಾಯ್‌ಗಳು ಉಣ್ಣುವುದು, ಅಳುವುದು, ಡಾಕ್ಟರನ್ನು ಬೈಯುವುದು ಎಲ್ಲ ನನ್ನ ಬೆಂಚಿನ ಮೇಲೆ. ಹಾಗಾಗಿ ವಾರ್ಡಿನ ಸುದ್ದಿ ಮೊದಲು ನನ್ನ ಒಲೆಯ ಹತ್ತಿರ ಬಂದು ಆಮೇಲೆ ದೊಡ್ಡ ಡಾಕ್ಟರ ಕೋಣೆಗೆ ಹೋಗುತ್ತದೆ.

ಡಬ್ಬಿಯ ಸಂಗತಿ ಹೀಗೆ. ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿ ಕೇಳಿದ್ದಕ್ಕೆಲ್ಲ 'ಇಲ್ಲ' ಎಂಬ ಉತ್ತರ. ಚೀಟಿ ಹಿಡಿದು ಬಾಂತಾಯ್ ಹೊರಗಿನ ಅಂಗಡಿಗೆ ಓಡಬೇಕು. ಹೀಗೆ ತಂದ ಔಷಧಿ ಮುಗಿಯುವ ಮೊದಲೇ ರೋಗಿ ವಾಸಿಯಾಗಿ ಮನೆಗೆ ಹೋಗುತ್ತಾನೆ, ಇಲ್ಲವೇ ಸತ್ತು ಹೋಗುತ್ತಾನೆ. ಉಳಿದ ಸೀಸೆಗಳನ್ನು ಯಾರೂ ಮನೆಗೆ ಒಯ್ಯುವುದಿಲ್ಲ. ಕಾಯಿಲೆ ಹಿಂದೆಯೇ ಬರುತ್ತದೆ ಎಂಬ ಅಂಜಿಕೆ ಒಂದು, ಪಕ್ಕದ ಮಂಚದವರಿಗಾದರೂ ಆಗಲಿ ಎಂಬ ಕರುಣೆ ಇನ್ನೊಂದು. ಶಿಲುಬೆಯ ಗುರುತು ಹಾಕಿಕೊಂಡು ಆ ನೀಲಿ ಡಬ್ಬಿಗೆ ಹಾಕಿ ಹೋಗುತ್ತಿದ್ದರು. ಕೈಯಲ್ಲಿ ಏನೂ ಇಲ್ಲದವರು ಬಂದಾಗ ಡಬ್ಬಿಯ ಮುಚ್ಚಳ ತೆರೆಯುತ್ತಿತ್ತು.

ಆ ಡಬ್ಬಿಯನ್ನು ಇಟ್ಟವಳು, ಕಾಯ್ದವಳು, ಅದರಿಂದಲೇ ಇಡೀ ಕರಾವಳಿಗೆ ಹೆಸರಾದವಳು ಕ್ರಿಸಾಂತಾ ಗುಂಬಾನ್. ವಾರ್ಡಿನ ದೊಡ್ಡ ನರ್ಸು. ಹುಟ್ಟಿದ ಮಗುವಿನಿಂದ ಹಿಡಿದು ಹಲ್ಲುದುರಿದ ಮುದುಕರವರೆಗೆ ಎಲ್ಲರಿಗೂ ಅವಳು ಮನಾಂಗ್, ಅಂದರೆ ಅಕ್ಕ. ನನಗೆ ಮಾತ್ರ ಬರೀ ಕ್ರಿಸಾಂತಾ. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಅಕ್ಷರ ಕಲಿತವರು. ಅವಳು ಕಲಿತಳು, ನಾನು ಬೆಂಚನ್ನು ಇಟ್ಟುಕೊಂಡೆ.

ಅವಳ ಅಪ್ಪ ಮೀನು ಒಣಗಿಸಿ ಮಾರುತ್ತಿದ್ದ. ತಾಯಿ ಎರಡನೆಯ ಹೆರಿಗೆಯಲ್ಲಿ ತೀರಿಕೊಂಡಳು. ಆ ಎರಡನೆಯ ಮಗುವೇ ಮೆಲ್ಬಾ. ಇನ್ನೂ ಲಂಗ ಹಾಕುವ ವಯಸ್ಸಿನ ಕ್ರಿಸಾಂತಾ ತಂಗಿಯನ್ನು ಸೊಂಟದ ಮೇಲೆ ಹೊತ್ತುಕೊಂಡೇ ಮೀನು ಮಗುಚುತ್ತಿದ್ದದ್ದನ್ನು ನಾನು ನೋಡಿದ್ದೇನೆ. ನರ್ಸಿಂಗ್ ಮುಗಿಸಿದಾಗ ಅವಳ ಜೊತೆಯವರೆಲ್ಲ ಲಂಡನ್ನಿಗೆ, ಸೌದಿಗೆ ಹಾರಿದರು. ಇವಳು ಹೋಗಲಿಲ್ಲ, ಮೆಲ್ಬಾಳ ಶಾಲೆ ಮುಗಿದಿರಲಿಲ್ಲ. ಶಾಲೆ ಮುಗಿಯಿತು, ಮೆಲ್ಬಾ ಮದುವೆಯಾದಳು. ಗಂಡ ಹಡಗಿನ ಕೆಲಸಕ್ಕೆ ಹೋದವನು ಯಾವ ಬಂದರಿನಲ್ಲಿ ಇಳಿದನೋ, ತಿರುಗಿ ಬರಲಿಲ್ಲ. ಅವನು ಬಿಟ್ಟುಹೋದದ್ದು ಮೆಲ್ಬಾಳ ಹೊಟ್ಟೆಯಲ್ಲಿದ್ದ ಜೊನೆಲ್ ಒಬ್ಬನನ್ನು. ಅವನನ್ನು ಇದೇ ಆಸ್ಪತ್ರೆಯಲ್ಲಿ ತನ್ನ ಕೈಯಾರೆ ಈ ಲೋಕಕ್ಕೆ ತಂದವಳು ಕ್ರಿಸಾಂತಾ.

"ನೀನ್ಯಾಕೆ ಮದುವೆ ಆಗ್ಲಿಲ್ಲ?" ಎಂದು ನಾನು ಆಗಾಗ ಕೆಣಕುತ್ತಿದ್ದೆ.

"ಡ್ಯೂಟಿ ಇತ್ತು ಕಣೆ," ಅನ್ನುತ್ತಿದ್ದಳು.

ಡಬ್ಬಿಗೆ ಮೊದಲ ಪೆಟ್ಟು ಬಿದ್ದದ್ದು ಇಸ್ಕೊ ಎಂಬ ಮೀನುಗಾರನಿಂದ. ಅವನಿಗೆ ಸಕ್ಕರೆ ಕಾಯಿಲೆ. ಗಾಳದ ಮುಳ್ಳು ಕಾಲಿಗೆ ಚುಚ್ಚಿ ಕೀವಾಯಿತು. ನಮ್ಮೂರಿನವರು ಮಾಡುವ ಹಾಗೆ ಅವನೂ ಕ್ಯಾಪ್ಸೂಲು ಒಡೆದು ಒಳಗಿನ ಪುಡಿಯನ್ನು ಗಾಯದ ಮೇಲೆ ಉದುರಿಸಿಕೊಂಡ. ಕಾಲು ಊದಿದ ಮೇಲೆ ಆಸ್ಪತ್ರೆಗೆ ಬಂದ. ಕ್ರಿಸಾಂತಾ ಡಬ್ಬಿ ತೆರೆದಳು. ಒಂದು ಬಗೆಯ ಆಂಟಿಬಯೋಟಿಕ್ ಸ್ವಲ್ಪ ಇತ್ತು, ಅದು ಮುಗಿಯಿತು. ಇನ್ನೊಂದು ಬಗೆಯದು ಸ್ವಲ್ಪ ಸಿಕ್ಕಿತು, ಅದೂ ಮುಗಿಯಿತು. ಆಮೇಲೆ ಪಕ್ಕದ ಮಂಚದವರು ಬಿಟ್ಟುಹೋದ ಮೂರನೆಯದು. ಎಲ್ಲ ಅರ್ಧರ್ಧ. ಎಲ್ಲರೂ ಗೌರವದಿಂದ ಅವಳ ಕೈ ಮುಟ್ಟಿ ಹಣೆಗೆ ಒತ್ತಿಕೊಂಡರು. ಇಸ್ಕೊ ಬದುಕಲಿಲ್ಲ.

ಅವನ ಕೀವನ್ನು ನಗರಕ್ಕೆ ಪರೀಕ್ಷೆಗೆ ಕಳಿಸಿದ್ದರು. ಇಸ್ಕೊ ಮಣ್ಣಾದ ಮೇಲೆ ಫಲಿತಾಂಶ ಬಂತು. ಹೊಸದಾಗಿ ಬಂದಿದ್ದ ಡಾಕ್ಟರ್ ಪರೆಡೆಸ್, ಸಣ್ಣ ವಯಸ್ಸಿನ ಹೆಣ್ಣುಮಗಳು, ಕ್ರಿಸಾಂತಾಳನ್ನು ಕೂರಿಸಿಕೊಂಡು ಮೆತ್ತಗೇ ಹೇಳಿದಳಂತೆ: "ಮನಾಂಗ್, ಅವರ ಗಾಯದಲ್ಲಿದ್ದ ಕ್ರಿಮಿಗೆ ನಮ್ಮ ಹತ್ರ ಇರೋ ಒಂದು ಔಷಧೀನೂ ನಾಟೋಲ್ಲ. ಪಕ್ಕದ ಮಂಚದವರ ಗಾಯದಲ್ಲೂ ಈಗ ಅದೇ ಕ್ರಿಮಿ ಇದೆ. ಅರ್ಧ ಏಟು ತಿಂದ ಕ್ರಿಮಿ ಸಾಯೋಲ್ಲ ಮನಾಂಗ್, ಹೊಡೆಯೋರ ಕೈಯನ್ನ ಕಲ್ತುಕೊಂಡುಬಿಡತ್ತೆ."

ಆ ಮಧ್ಯಾಹ್ನ ಕ್ರಿಸಾಂತಾ ನನ್ನ ಅಂಗಡಿಗೆ ಬಂದು ಬಟ್ಟಲಿನ ಮುಂದೆ ಕೂತಳು, ಚಮಚ ಮುಟ್ಟಲಿಲ್ಲ.

"ದಾನ ಅಂತ ಕೊಟ್ಟೆ ಕಣೆ ಬೆಬಾಂಗ್. ಕೈಯಾರೆ ಕೊಟ್ಟೆ," ಅಂದಳು. ಅವಳು ಅಳುವವಳಲ್ಲ. ಅವತ್ತು ಅತ್ತಳು. ನಾನು ಸೊಂಟದ ಬಟ್ಟೆಯಿಂದ ಬೆಂಚು ಒರೆಸಿದ್ದನ್ನೇ ಒರೆಸುತ್ತಾ ನಿಂತಿದ್ದೆ.

ಮಾರನೆಯ ದಿನ ಡಬ್ಬಿ ಮೇಜಿನ ಮೇಲಿಂದ ಅವಳ ಬೆನ್ನ ಹಿಂದಿನ ಬೀರುವಿಗೆ ಹೋಯಿತು. ಇನ್ನು ಮೇಲೆ ಡಬ್ಬಿಗೆ ಯಾರು ಬೇಕಾದರೂ ಹಾಕಬಹುದು, ಆದರೆ ತೆಗೆಯುವುದಿದ್ದರೆ ಡಾಕ್ಟರ್ ಪರೆಡೆಸ್ ನೋಡಿ ಒಪ್ಪಬೇಕು. ರೋಗಕ್ಕೆ ತಕ್ಕ ಔಷಧಿಯೇ ಆಗಿರಬೇಕು, ಕೊನೆಯವರೆಗೂ ಸಿಗುತ್ತದೆ ಎಂಬ ಖಾತ್ರಿ ಇರಬೇಕು, ಇಲ್ಲದಿದ್ದರೆ ಕೈ ಹಚ್ಚುವ ಹಾಗಿಲ್ಲ. ಬೆಳಿಗ್ಗೆ ಬಾಂತಾಯ್‌ಗಳು ಗಂಜಿ ಕುಡಿಯುವ ಹೊತ್ತಿಗೆ ಕ್ರಿಸಾಂತಾ ವಾರ್ಡಿನ ನಡುವೆ ನಿಂತು ಶುರುಮಾಡುತ್ತಿದ್ದಳು: ನೆಗಡಿಗೆ ಇದು ಬೇಡ, ಡೆಂಗಿಗೆ ಇದು ಬೇಡ, ಕೊಟ್ಟಿದ್ದನ್ನು ನಡುವೆ ಬಿಡಬೇಡಿ, ನಿಮ್ಮದನ್ನು ಇನ್ನೊಬ್ಬರಿಗೆ ಕೊಡಬೇಡಿ, ಕೈ ತೊಳೆಯಿರಿ.

ಜನ ಸುಮ್ಮನಿರುತ್ತಾರೆಯೇ? "ಮನಾಂಗ್ ಡಬ್ಬಿಗೆ ಬೀಗ ಹಾಕಿದ್ರು, ಬಾಯಿಗೆ ಹಾಕೋದು ಮರೆತ್ರು," ಎಂದು ನನ್ನ ಬೆಂಚಿನ ಮೇಲೆ ನಗೆಯಾಡಿದರು. ನಿಜ ಹೇಳಬೇಕೆಂದರೆ ಬೀರುವಿಗೆ ಬೀಗವೇ ಇರಲಿಲ್ಲ. ಬಿಸಿನೀರಿನ ಫ್ಲಾಸ್ಕು, ಬಟ್ಟಲು ಎಲ್ಲ ಅದರಲ್ಲೇ ಇರುತ್ತಿದ್ದವು. ಅವಳ ಮಾತೇ ಬೀಗವಾಗಿತ್ತು, ಅಷ್ಟು ವರ್ಷ ಅದು ಸಾಕಾಗಿತ್ತು.

ಆ ವರ್ಷದ ಮಳೆಗಾಲ ಡೆಂಗಿಯನ್ನು ಹೊತ್ತುಕೊಂಡೇ ಬಂತು. ವಾರ್ಡಿನಲ್ಲಿ ಒಂದು ಮಂಚಕ್ಕೆ ಇಬ್ಬರು. ಹೀಗಿರುವಾಗ ಮೂರು ಚಕ್ರದ ಗಾಡಿ ಓಡಿಸುತ್ತಿದ್ದ ಜೊನೆಲ್, ಕ್ರಿಸಾಂತಾ ಹೆರಿಗೆ ಮಾಡಿಸಿದ ಜೊನೆಲ್, ಮೈ ಕೆಂಡವಾಗಿ ಬಂದು ಮಲಗಿದ. ರಕ್ತ ತೆಗೆದು ನೋಡಿದರು, ಡೆಂಗಿಯೇ. ಮಂಚದ ಕೆಳಗೆ ಮೆಲ್ಬಾ ರಟ್ಟು ಹಾಸಿದಳು.

ಅವನ ಎದುರಿನ ಮಂಚದಲ್ಲಿ ಚೆರಿಲಿನ್ ಎಂಬ ಎಳೆ ಬಾಣಂತಿ ಇದ್ದಳು. ಹೊಟ್ಟೆ ಕೊಯ್ದು ಮಗು ತೆಗೆದಿದ್ದರು, ಕೊಯ್ದ ಗಾಯ ಕೆಟ್ಟಿತು. ಚಳಿಜ್ವರ, ಮಾತು ತೊದಲು. ಕೀವಿನ ಪರೀಕ್ಷೆ ಬಂತು. ಇಸ್ಕೊನ ಕ್ರಿಮಿಯ ನೆಂಟನೇ ಇದೂ. ಆದರೆ ಇದಕ್ಕೆ ಇನ್ನೂ ಒಂದು ಔಷಧಿ ನಾಟುತ್ತಿತ್ತು. ಒಂದೇ ಒಂದು. ಬಹಳ ದೊಡ್ಡದು, ಸುಲಭಕ್ಕೆ ಮುಟ್ಟಬಾರದ್ದು ಎಂದು ಡಾಕ್ಟರ್ ಪರೆಡೆಸ್ ಕಾದಿರಿಸಿದ್ದ ಔಷಧಿ. ಅದರ ಕೆಲವು ಸೀಸೆಗಳು ನೀಲಿ ಡಬ್ಬಿಯಲ್ಲಿದ್ದವು. ಉಳಿದದ್ದಕ್ಕೆ ಇಲೋಯಿಲೋ ನಗರಕ್ಕೆ ಹೇಳಿ ಕಳಿಸಿದರು. ಔಷಧಿಯ ಜೀಪು ಹೊರಟಿತು, ಆದರೆ ಹೊಳೆ ಸೇತುವೆಯ ಮೇಲೆ ಹರಿಯುತ್ತಿತ್ತು. ನೀರು ಇಳಿದರೆ ಸಂಜೆಗೆ ಬರುತ್ತದೆ ಎಂದರು. ಬೆಳಗಿನ ಡೋಸು ಕೊಟ್ಟಾಗಿತ್ತು. ಮಧ್ಯಾಹ್ನದ ಡೋಸಿಗೆ ಡಬ್ಬಿಯಲ್ಲಿ ಉಳಿದಿದ್ದ ಸೀಸೆಗಳು ಸರಿಯಾಗಿ ಸಾಕಾಗುತ್ತಿದ್ದವು. ಅದು ತಪ್ಪಿದರೆ ಅವಳು ಸಂಜೆಯನ್ನು ನೋಡುವುದು ಅನುಮಾನ ಎಂದು ಡಾಕ್ಟರೇ ಹೇಳಿದ್ದಳು.

ಚೆರಿಲಿನ್‌ಳ ಗಂಡ ದಿಯೋನಿ ನನ್ನ ಅಂಗಡಿಯಲ್ಲಿ ಹಸಿದ ಮಗುವನ್ನು ತೋಳಿನಲ್ಲಿ ಆಡಿಸುತ್ತಾ ಈ ಸುದ್ದಿಯನ್ನು ಎಲ್ಲರಿಗೂ ಹೇಳಿದ. ಹೇಳಬಾರದಿತ್ತು. ಪಕ್ಕದಲ್ಲಿ ಮೆಲ್ಬಾ ಕೂತಿದ್ದಳು.

"ದೊಡ್ಡ ಔಷಧಿನಾ? ಡಬ್ಬೀಲಿದ್ಯಾ?" ಅಂದಳು. ಅವಳ ಕೈಯಲ್ಲಿದ್ದ ಬ್ರೆಡ್ಡು ಬಟ್ಟಲಿಗೆ ಬಿತ್ತು.

ಅವನು ಅತ್ತ ಹೋದ ಮೇಲೆ ಅವಳು ನನ್ನ ಮೇಲೆ ಬಿದ್ದಳು. "ನೋಡಿದ್ಯಾ ಬೆಬಾಂಗ್? ನನ್ನ ಮಗನಿಗೆ ಬರೀ ನೀರು ಹತ್ತಿಸ್ತಾ ಇದಾಳೆ. ಉಪ್ಪುನೀರು! ಕೇಳಿದ್ರೆ ಡೆಂಗಿಗೆ ಔಷಧಿ ಇಲ್ಲ ಅಂತಾಳೆ. ಗೊತ್ತುಗುರಿ ಇಲ್ಲದೋರಿಗೆ ದೊಡ್ಡ ಔಷಧಿ, ಒಡಹುಟ್ಟಿದೋಳ ಮಗನಿಗೆ ನೀರು!"

"ಡೆಂಗಿಗೆ ಅದು ಬೇಡ ಅಂತ ಬೆಳಿಗ್ಗೆ ಎದ್ದರೆ ಅದನ್ನೇ ಹೇಳ್ತಾಳಲ್ಲ ಮೆಲ್ಬಾ."

"ನಿನಗೆ ಗಂಜಿ ಮಾರೋದು ಗೊತ್ತು, ಅಷ್ಟೇ. ಅವನ ಪ್ಲೇಟ್ಲೆಟ್ ದಿನಾ ಇಳೀತಾ ಇದೆ. ವಸಡಿಂದ ರಕ್ತ ಬರ್ತಿದೆ. ತಾಯಿ ನಾನು, ಕೈಕಟ್ಟಿ ಕೂರ್ಲಾ?"

ನನಗೆ ಕೋಪ ಬಂತು, ಆದರೆ ಅವಳ ಮುಖ ನೋಡಿ ನುಂಗಿಕೊಂಡೆ. ಕಣ್ಣು ಗುಳಿಬಿದ್ದಿತ್ತು. ತಾವಾ-ತಾವಾ ಸೊಪ್ಪನ್ನು ತಾನೇ ಕಿತ್ತು ತಂದು ನನ್ನ ಒಲೆಯ ಮೇಲೆ ಕಷಾಯ ಕಾಯಿಸುತ್ತಿದ್ದಳು. ಕ್ರಿಸಾಂತಾ ಅದಕ್ಕೆ ಬೇಡ ಅಂದಿರಲಿಲ್ಲ. ಕುಡಿಸು, ಎಷ್ಟಾದರೂ ಅದೂ ನೀರೇ ಅಂದಿದ್ದಳು. ಆ ಮಾತು ಮೆಲ್ಬಾಳಿಗೆ ಇನ್ನಷ್ಟು ಚುಚ್ಚಿತ್ತು.

ಅಂದು ಮಧ್ಯಾಹ್ನ ನಾನು ಶುಂಠಿ ಹಾಕಿದ ಕೋಳಿಗಂಜಿಯ ಪಾತ್ರೆ ಹೊತ್ತುಕೊಂಡು ವಾರ್ಡಿಗೆ ಹೋದೆ. ಹೊರಗೆ ಮಳೆ ಎಷ್ಟು ಜೋರಾಗಿತ್ತೆಂದರೆ ಮಾತು ಕೇಳಬೇಕಾದರೆ ಹತ್ತಿರ ಹೋಗಬೇಕಿತ್ತು. ಡಾಕ್ಟರ್ ಪರೆಡೆಸ್ ಚೆರಿಲಿನ್‌ಳ ಮಂಚದ ಪಕ್ಕ ನಾಡಿ ಹಿಡಿದು ನಿಂತಿದ್ದಳು. ದಿಯೋನಿ ಗೋಡೆಗೆ ಒರಗಿದ್ದ. ಮಗು ಒಂದೇ ಸಮ ಅಳುತ್ತಿತ್ತು.

"ಮನಾಂಗ್, ಔಷಧಿ ತಯಾರಾ?" ಡಾಕ್ಟರ್ ಕೂಗಿದಳು.

"ತರ್ತಿದೀನಿ ಡಾಕ್ಟ್ರೇ."

ಕ್ರಿಸಾಂತಾ ಬೀರು ತೆರೆದು ಡಬ್ಬಿಯನ್ನು ಎತ್ತಿಕೊಂಡಳು. ಎತ್ತಿಕೊಂಡವಳು ಹಾಗೇ ನಿಂತಳು. ಡಬ್ಬಿ ಹಗುರಾದದ್ದು ಮುಚ್ಚಳ ತೆಗೆಯುವ ಮೊದಲೇ ಅವಳಿಗೆ ತಿಳಿಯಿತು, ಅವಳ ಭುಜ ಕುಸಿದದ್ದನ್ನು ನಾನು ನೋಡಿದೆ. ತೆರೆದಳು. ಬೇರೆ ಏನೇನೋ ಇದ್ದವು, ಆ ಸೀಸೆಗಳು ಇರಲಿಲ್ಲ. ಬೀರುವಿನಲ್ಲಿ ಫ್ಲಾಸ್ಕು ಜಾಗ ಬದಲಾಗಿತ್ತು. ಆ ಬೀರುವಿಗೆ ಹೊರಗಿನವರು ಕೈ ಹಾಕಿದ್ದರೆ ಇಡೀ ವಾರ್ಡು ಕೇಳುತ್ತಿತ್ತು. ಬಿಸಿನೀರಿಗೆಂದು ದಿನವೂ ಬಂದುಹೋಗುತ್ತಿದ್ದ ಮನಾಂಗ್‌ಳ ತಂಗಿಯನ್ನು ಯಾರು ಕೇಳುತ್ತಾರೆ?

ಅವಳು ಕೂಗಲಿಲ್ಲ. ಡಬ್ಬಿ ಮುಚ್ಚಿ ಇಟ್ಟಳು. ನೆಟ್ಟಗೆ ಜೊನೆಲ್‌ನ ಮಂಚಕ್ಕೆ ನಡೆದಳು. ನಾನು ಪಾತ್ರೆಯನ್ನು ನೆಲಕ್ಕಿಟ್ಟು ಹಿಂದೆಯೇ ಹೋದೆ.

"ಮೆಲ್ಬಾ, ಕೊಡು."

"ಏನನ್ನ?"

"ಮೆಲ್ಬಾ."

"ನನ್ನ ಹತ್ರ ಏನೂ ಇಲ್ಲ." ಮೆಲ್ಬಾ ಎದ್ದು ಮಂಚಕ್ಕೆ ಬೆನ್ನುಕೊಟ್ಟು, ಎರಡೂ ಕೈ ಅಗಲಿಸಿ ನಿಂತಳು. "ಇದ್ರೂ ಕೊಡಲ್ಲ. ಇಂಜೆಕ್ಷನ್ ಕೊಡೋಕೆ ಬರೋನನ್ನ ಕರೆಸಿದೀನಿ. ಮಳೆ ನಿಲ್ಲಲಿ ಅಂತ ಕಾಯ್ತಿದಾನೆ. ನೀನು ಹಾಕಲ್ಲ ಅಂದ್ರೆ ಹಾಕೋರು ಊರಲ್ಲಿದಾರೆ."

"ಅವನ ಕಾಯಿಲೆಗೆ ಅದರಿಂದ ಏನೂ ಆಗಲ್ಲ ಮೆಲ್ಬಾ. ಡೆಂಗಿ ಅದಕ್ಕೆ ಬಗ್ಗೋದಲ್ಲ. ಅಲ್ಲಿ ಆ ಹುಡುಗಿ ಅದಿಲ್ಲದೆ ಸಾಯ್ತಾಳೆ."

"ಸಾಯ್ಲಿ!" ವಾರ್ಡಿನವರೆಲ್ಲ ಈ ಕಡೆ ತಿರುಗಿದರು. ತಾನು ಏನು ಅಂದೆ ಎಂದು ಮೆಲ್ಬಾಳಿಗೇ ಕೇಳಿಸಿತು, ಆದರೆ ಹಿಂದೆ ಸರಿಯುವ ಸ್ಥಿತಿಯಲ್ಲಿ ಅವಳಿರಲಿಲ್ಲ. "ಇಸ್ಕೊಗೆ ಕೇಳದೇ ಕೊಟ್ಟೆ. ಕಂಡಕಂಡವರಿಗೆಲ್ಲ ಕೊಟ್ಟೆ. ಈಗ ನಮ್ಮ ಮನೆಗೆ ಬಂದಾಗ ನಿನಗೆ ನ್ಯಾಯ ನೆನಪಾಯ್ತಾ? ನಿನ್ನ ಹೊಟ್ಟೇಲಿ ಹುಟ್ಟಿದ್ರೆ ಹಿಂಗೆ ಮಾಡ್ತಿದ್ಯಾ? ಹೆತ್ತಿದ್ರೆ ತಾನೇ ಗೊತ್ತಾಗೋದು!"

ನನಗೆ ಮೈ ಉರಿಯಿತು. ಹೆತ್ತ ತಾಯಿಯ ಮುಖ ನೋಡದ ಇವಳನ್ನು ಸೊಂಟದಲ್ಲಿ ಹೊತ್ತವಳಿಗೆ ಈ ಮಾತೇ? ಬಾಯಿ ತೆರೆದಿದ್ದೆ. ಕ್ರಿಸಾಂತಾ ಕೈ ಅಡ್ಡ ಹಿಡಿದಳು.

"ಇಲ್ಲ, ನಾನು ಹೆತ್ತಿಲ್ಲ," ಅಂದಳು. "ಹಿಡಿದಿದೀನಿ. ಅವನು ಮೊದಲು ಅತ್ತಿದ್ದು ನನ್ನ ಕೈಯಲ್ಲಿ. ಕೊಡು ಮೆಲ್ಬಾ, ಕಾಲಿಗೆ ಬೀಳ್ತೀನಿ."

ನಿಜವಾಗಿಯೂ ಬಿದ್ದಳು. ನಮ್ಮಲ್ಲಿ ಅಕ್ಕ ತಂಗಿಯ ಕಾಲಿಗೆ ಬೀಳುವುದಿಲ್ಲ. ಒದ್ದೆ ಸಿಮೆಂಟಿನ ಮೇಲೆ ಬಿಳಿ ಯೂನಿಫಾರ್ಮಿನಲ್ಲಿ ಮೊಣಕಾಲೂರಿದಳು. ಮೆಲ್ಬಾ ಅವಳನ್ನು ನೋಡಲಿಲ್ಲ, ಛಾವಣಿ ನೋಡುತ್ತಾ ನಿಂತಳು. ಆ ಕಡೆ ಡಾಕ್ಟರ್ ಮತ್ತೆ ಕೂಗಿದಳು, "ಮನಾಂಗ್, ಬಿಪಿ ಇಳೀತಾ ಇದೆ!"

ಆಗ ಮೆಲ್ಬಾಳ ಬೆನ್ನ ಹಿಂದಿನಿಂದ ಸಣ್ಣ ದನಿ ಬಂತು.

"ದೊಡ್ಡಮ್ಮ... ನನ್ನ ತಲೆ ಕೆಳಗೆ ಏನೋ ಒತ್ತುತ್ತಾ ಇದೆ. ಬೆಳಗ್ಗಿಂದ ನಿದ್ದೆ ಇಲ್ಲ."

ಜೊನೆಲ್ ತಲೆಯನ್ನು ಕಷ್ಟಪಟ್ಟು ಪಕ್ಕಕ್ಕೆ ಹೊರಳಿಸಿ ದಿಂಬಿನ ಕೆಳಗೆ ಕೈ ತೂರಿಸುತ್ತಿದ್ದ. ಮೆಲ್ಬಾ ತಿರುಗಿ ಅವನ ಮಣಿಕಟ್ಟು ಹಿಡಿದಳು. "ಸುಮ್ನೆ ಮಲಕ್ಕೋ ತೊತೊ, ನನ್ನ ಕಂದಾ! ನಿನಗೇನೂ ಗೊತ್ತಾಗಲ್ಲ!"

"ಗೊತ್ತಾಗತ್ತಮ್ಮ. ಡೆಂಗಿ ಬಂದಿರೋದು ನನಗೆ, ಕಿವಿಗಲ್ಲ." ನಗಲು ಹೋದ, ವಸಡಿನ ರಕ್ತ ತುಟಿಗೆ ಬಂತು. "ಆ ಮಗು ಅಳೋದು ಕೇಳ್ತಾ ಇದೆ. ಬಿಡಮ್ಮ. ನೀನು ಬಿಡದೇ ಇದ್ರೆ ನಾನು ಹೇಗೆ ಕೊಡ್ಲಿ?"

ಮೆಲ್ಬಾಳ ಹಿಡಿತ ಸಡಿಲವಾಯಿತು. ಬಿಟ್ಟಳು ಎನ್ನಲಾರೆ, ಕೈಯಲ್ಲಿ ಬಲ ಉಳಿಯಲಿಲ್ಲ. ಜೊನೆಲ್ ತಾಯಿಯ ಕರ್ಚೀಫಿನಲ್ಲಿ ಸುತ್ತಿದ್ದ ಗಂಟನ್ನು ಎಳೆದು ದೊಡ್ಡಮ್ಮನ ಕೈಗೆ ಹಾಕಿದ.

ಕ್ರಿಸಾಂತಾ ಗಂಟನ್ನು ಹಿಡಿದುಕೊಂಡಳು, ಹಿಡಿದದ್ದೇ ಅವನ ಬೆರಳುಗಳನ್ನೂ ಹಿಡಿದಳು. ಅವಳ ಮುಖ ಬಿಳಿಚಿತು. ಬೆಳಿಗ್ಗೆ ಕೆಂಡದಂತಿದ್ದ ಕೈ ಈಗ ತಣ್ಣಗೆ ಜಿಗುಟಾಗಿತ್ತು. ಜ್ವರ ಇಳಿಯಿತೆಂದು ಮನೆಯವರು ಸಂತೋಷಪಡುವ ಹೊತ್ತೇ ಡೆಂಗಿಯಲ್ಲಿ ಜೀವ ತೆಗೆಯುವ ಹೊತ್ತು. ಆ ಮಳೆಗಾಲದಲ್ಲಿ ಎಲ್ಲ ಬಾಂತಾಯ್‌ಗಳಿಗೂ ಅವಳು ಅದನ್ನೇ ಹೇಳುತ್ತಾ ಬಂದಿದ್ದಳು. ಮೆಲ್ಬಾಳಿಗೂ ಗೊತ್ತಿತ್ತು. ಅಕ್ಕನ ಮುಖ ನೋಡಿ ಅವಳೂ ಮಗನ ಕಾಲು ಮುಟ್ಟಿದಳು. ಅವು ಕೈಗಿಂತಲೂ ತಣ್ಣಗಿದ್ದವು.

"ಡಾಕ್ಟ್ರೇ! ಇಲ್ಲಿ ಬನ್ನಿ!"

ಡಾಕ್ಟರ್ ಪರೆಡೆಸ್ ಈ ಮಂಚಕ್ಕೆ ಓಡಿ ಬಂದಳು. ಕ್ರಿಸಾಂತಾ ಜೊನೆಲ್‌ನ ಡ್ರಿಪ್ಪನ್ನು ಪೂರ್ತಿ ತೆರೆದಳು, ಒಂದು ಗಳಿಗೆ ಅವನ ಹಣೆಯ ಮೇಲೆ ಅಂಗೈ ಇಟ್ಟಳು. ಆಮೇಲೆ ತಿರುಗಿ ಚೆರಿಲಿನ್‌ಳ ಕಡೆ ಹೊರಟಳು.

"ಮನಾಂಗ್!" ಮೆಲ್ಬಾ ಚೀರಿದ್ದು ಗೇಟಿನವರೆಗೂ ಕೇಳಿತಂತೆ. "ಇವನನ್ನ ಬಿಟ್ಟು ಅಲ್ಲಿಗೆ ಹೋಗ್ತೀಯಾ? ಇವನಿಗೇನಾದ್ರೂ ಆದ್ರೆ ನಿನ್ನ ಹೆಣ ನೋಡೋಕೂ ನಾನು ಬರಲ್ಲ!"

ಕ್ರಿಸಾಂತಾ ನಿಲ್ಲಲಿಲ್ಲ. ನಾನು ನೋಡುತ್ತಲೇ ಇದ್ದೆ. ಸೀಸೆಯ ಬಾಯಿ ಒರೆಸಿದಳು, ನೀರು ಸೇರಿಸಿದಳು, ಪುಡಿ ಪೂರ್ತಿ ಕರಗುವವರೆಗೆ ಅಂಗೈಗಳ ನಡುವೆ ಹೊರಳಿಸಿದಳು. ಅವಸರ ಮಾಡಲಿಲ್ಲ. ಕಣ್ಣಿಂದ ಮಾತ್ರ ನೀರು ಸುರಿಯುತ್ತಿತ್ತು, ಅದನ್ನು ಭುಜದಿಂದ ಒರೆಸಿಕೊಂಡಳು, ಯಾಕೆಂದರೆ ಕೈ ಶುದ್ಧವಾಗಿರಬೇಕಿತ್ತು. ಔಷಧಿ ಚೆರಿಲಿನ್‌ಳ ರಕ್ತಕ್ಕೆ ಇಳಿಯಲು ಶುರುವಾದ ಮೇಲೆಯೇ ಈ ಕಡೆ ಓಡಿದಳು.

ಅಲ್ಲಿಂದ ಮುಂದೆ ಆ ಮಧ್ಯಾಹ್ನ ಮುಗಿಯಲೇ ಇಲ್ಲ. ನೀರು ಕಡಿಮೆಯಾದರೆ ರಕ್ತದೊತ್ತಡ ಇಳಿಯುತ್ತದೆ, ಹೆಚ್ಚಾದರೆ ಎದೆಯಲ್ಲಿ ತುಂಬಿಕೊಂಡು ಉಸಿರು ಕಟ್ಟುತ್ತದೆ. ಡಾಕ್ಟರ್ ಎದೆಗೆ ಕಿವಿಗೊಳವೆ ಇಡುವುದು, ಹೆಚ್ಚಿಸಿ ಅನ್ನುವುದು, ತಗ್ಗಿಸಿ ಅನ್ನುವುದು, ಕ್ರಿಸಾಂತಾ ಡ್ರಿಪ್ಪಿನ ತಿರುಗಣೆಯ ಮೇಲೆ ಬೆರಳಿಟ್ಟು ನಿಂತೇ ಇರುವುದು. ನಡುನಡುವೆ ಚೆರಿಲಿನ್‌ಳ ಹತ್ತಿರ ಹೋಗಿ ಬರುವುದು. ಮೆಲ್ಬಾ ಮಗನ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ತಿಕ್ಕುತ್ತಿದ್ದಳು. ಅಕ್ಕ ಹತ್ತಿರ ಬಂದಾಗಲೆಲ್ಲ ಮುಖ ತಿರುಗಿಸುತ್ತಿದ್ದಳು. ಇಂಜೆಕ್ಷನ್ ಕೊಡುವವನು ಕೊಡೆ ಹಿಡಿದು ಬಾಗಿಲಿನಲ್ಲಿ ಇಣುಕಿದ. ನಾನು ಸೌಟು ಎತ್ತಿಕೊಂಡು ಹೋದೆ. ಮತ್ತೆ ಅವನು ಕಾಣಿಸಲಿಲ್ಲ.

"ಮೂತ್ರ ಬರಬೇಕು," ಎಂದಳು ಡಾಕ್ಟರ್. "ಬಂದ್ರೆ ಗಂಡಾಂತರ ಕಳೀತು ಅಂತ."

ಇಡೀ ವಾರ್ಡು ಒಬ್ಬ ಹುಡುಗನ ಮೂತ್ರಕ್ಕಾಗಿ ಕಾಯಿತು. ಮುದುಕಿಯರು ಜಪಮಾಲೆ ಹಿಡಿದರು. ನಾನೂ ಸಾಂತೋ ನಿನ್ಯೋನ ಮುಂದೆ ನಿಂತೆ. ಡಬ್ಬಿಯ ವಿಷಯದಲ್ಲಿ ನಿನ್ನನ್ನು ಆಡಿಕೊಂಡಿದ್ದೇನೆ, ಅದನ್ನು ನನ್ನ ಮೇಲೆ ತೀರಿಸಿಕೋ, ಇವನ ಮೇಲೆ ಬೇಡ ಎಂದು ಬೇಡಿಕೊಂಡೆ.

ಬೆಳಕು ಮಂಕಾಗುವ ಹೊತ್ತಿಗೆ ಗೇಟಿನಲ್ಲಿ ಜೀಪಿನ ಹಾರ್ನ್ ಕೇಳಿಸಿತು. ದಿಯೋನಿ ಮಳೆಗೆ ಹಾರಿ, ಔಷಧಿಯ ಪೆಟ್ಟಿಗೆಯನ್ನು ಅಂಗಿಯೊಳಗೆ ಮುಚ್ಚಿಕೊಂಡು ಓಡಿ ಬಂದ. ಚೆರಿಲಿನ್‌ಳ ಕೋರ್ಸು ಪೂರ್ತಿ ಅದರಲ್ಲಿತ್ತು. ಅವನು ಪೆಟ್ಟಿಗೆ ಇಳಿಸುವುದಕ್ಕೂ ಜೊನೆಲ್ ಕಣ್ಣು ಬಿಡುವುದಕ್ಕೂ ಸರಿಹೋಯಿತು.

"ದೊಡ್ಡಮ್ಮ... ಆ ಬಾಟಲಿ ಕೊಡ್ತೀಯಾ? ಎಲ್ರೂ ಆ ಕಡೆ ತಿರುಗಿ."

ಯಾರೂ ತಿರುಗಲಿಲ್ಲ. ನನ್ನ ಜನ್ಮದಲ್ಲಿ ಒಂದು ಬಾಟಲಿ ಮೂತ್ರ ನೋಡಿ ಅಷ್ಟು ಸಂತೋಷಪಟ್ಟಿದ್ದಿಲ್ಲ. ಮುದುಕಿಯರು ಚಪ್ಪಾಳೆ ತಟ್ಟಿದರು. ಕ್ರಿಸಾಂತಾ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಜೋಪಾನವಾಗಿ ಕೆಳಗಿಟ್ಟು, ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ತಂಗಿಯ ಕಡೆ ಕೈ ಚಾಚಿದಳು. ಮೆಲ್ಬಾ ಆ ಕೈ ಹಿಡಿಯಲಿಲ್ಲ.

ಚೆರಿಲಿನ್ ಉಳಿದುಕೊಂಡಳು. ಔಷಧಿಯ ಕೊನೆಯ ಸೀಸೆಯವರೆಗೂ ಕ್ರಿಸಾಂತಾ ಅವಳನ್ನು ಮನೆಗೆ ಬಿಡಲಿಲ್ಲ. ನೋವು ಹೋಯಿತು, ಬಿಟ್ಟುಬಿಡಿ ಎಂದು ದಿಯೋನಿ ಎಷ್ಟು ಗೋಗರೆದರೂ ಬಿಡಲಿಲ್ಲ. ಜೊನೆಲ್ ಅದಕ್ಕೂ ಮೊದಲೇ ಹೊರಟ. ಮೆಲ್ಬಾ ಗಂಟುಮೂಟೆ ಕಟ್ಟಿ, ಮೇಜಿನ ಮುಂದೆ ನಿಂತು, "ಹೋಗ್ತೀವಿ ನರ್ಸಮ್ಮ," ಅಂದಳು. ನರ್ಸಮ್ಮ! ಹುಟ್ಟಿದಾಗಿನಿಂದ ಮನಾಂಗ್ ಅಂದ ಬಾಯಿ.

"ಜೊನೆಲ್ ಬದುಕಿದಾನಲ್ಲ, ಏನಂತ ಬೇಕಾದ್ರೂ ಕರೀಲಿ," ಎಂದು ಕ್ರಿಸಾಂತಾ ನನ್ನೆದುರು ಹೇಳಿದಳು. ಆದರೆ ಭಾನುವಾರಗಳಲ್ಲಿ ತಂಗಿಯ ಮನೆಗೆ ಊಟಕ್ಕೆ ಹೋಗುತ್ತಿದ್ದವಳು ಈಗ ನನ್ನ ಬೆಂಚಿಗೆ ಬಂದು ಕೂರುತ್ತಿದ್ದಳು. ನಾನು ಒಮ್ಮೆ ತಡೆಯಲಾರದೆ ಕೇಳಿಬಿಟ್ಟೆ, "ಅವತ್ತು ಅವನಿಗೇನಾದ್ರೂ ಆಗಿದ್ದಿದ್ರೆ?"

ಚಮಚ ಕೆಳಗಿಟ್ಟಳು. "ಆಗಿದ್ರೂ ಆ ಔಷಧಿ ಅವಳಿಗೇ ಹಾಕ್ತಿದ್ದೆ," ಅಂದಳು. "ಆಮೇಲೆ ನಾನು ಬದುಕಿರ್ತಿದ್ನೋ ಇಲ್ವೋ, ಅದು ಬೇರೆ ಮಾತು."

ಮಳೆ ಹೋಯಿತು. ಮನೆಗಳ ಕಿಟಕಿಗಳಲ್ಲಿ ಕ್ರಿಸ್‌ಮಸ್ಸಿನ ನಕ್ಷತ್ರದೀಪಗಳು ತೂಗಾಡತೊಡಗಿದವು. ಅಂಥ ಒಂದು ಮಧ್ಯಾಹ್ನ ಕ್ರಿಸಾಂತಾ ನನ್ನಲ್ಲಿ ಹೊಟ್ಟೆತುಂಬ ಬಾಚೋಯ್ ಕುಡಿದು, ಮೇಲೆ ಇನ್ನೊಂದು ಬಟ್ಟಲು ಹಾಕಿಸಿಕೊಂಡು ವಾರ್ಡಿಗೆ ಹೋದಳು. ಅವಳು ಮರೆತುಹೋದ ಕನ್ನಡಕ ಕೊಡಲೆಂದು ನಾನು ಹಿಂದೆಯೇ ಹೋದೆ. ಮೇಜಿನ ಮುಂದೆ ಮೆಲ್ಬಾ ನಿಂತಿದ್ದಳು. ಕೈಯಲ್ಲಿದ್ದ ಚೀಲವನ್ನು ಮೇಜಿನ ಮೇಲೆ ಸುರಿದಳು. ಅರ್ಧ ತಿಂದು ಬಿಟ್ಟ ಮಾತ್ರೆಯ ಪಟ್ಟಿಗಳು, ಕ್ಯಾಪ್ಸೂಲುಗಳು, ಧೂಳು ಹಿಡಿದ ಸೀಸೆಗಳು.

"ನಮ್ಮ ಓಣಿಯೋರದ್ದೆಲ್ಲ," ಅಂದಳು, ಅಕ್ಕನ ಮುಖ ನೋಡದೆ. "ಮನೆಮನೆಗೂ ಹೋಗಿ ಇಸ್ಕೊಂಡು ಬಂದೆ. ಕೊಡಲ್ಲ ಅಂದೋರ ಹತ್ರ ಜಗಳ ಆಡಿದೆ. ಪಕ್ಕದ ಮನೆಯೋಳು ಮಗೂಗೆ ನೆಗಡಿ ಅಂತ ಇದರಲ್ಲೇ ಅರ್ಧ ಮುರಿದು ಹಾಕ್ತಿದ್ಲು. ನೋಡಿದ ತಕ್ಷಣ ನನಗೆ... ಇರಲಿ. ಏನು ಮಾಡಬೇಕೋ ಮಾಡು. ಜೊನೆಲ್ ಹೇಳಿದ ಅಂತ ತಂದೆ."

"ಔಷಧಿ ಕಿಟಕೀಲಿ ಕೊಟ್ಟು ನಾಶ ಮಾಡಿಸ್ತೀನಿ," ಅಂದಳು ಕ್ರಿಸಾಂತಾ.

ಮೆಲ್ಬಾ ಖಾಲಿ ಚೀಲ ಮಡಚಿಕೊಂಡು ಹೊರಟಳು. ಬಾಗಿಲ ಹತ್ತಿರ ನಿಂತಳು. ಬಾಗಿಲ ಚೌಕಟ್ಟಿಗೆ ಹೇಳುವಂತೆ ಕೇಳಿದಳು:

"ಮನಾಂಗ್, ಊಟ ಆಯ್ತಾ?"

ಕ್ರಿಸಾಂತಾ ನನ್ನನ್ನು ನೋಡಿದಳು. ನಾನು ಅವಳ ಕನ್ನಡಕ ಹಿಡಿದು ಪಕ್ಕದಲ್ಲೇ ನಿಂತಿದ್ದೆ.

"ಇಲ್ಲ," ಅಂದಳು. "ಬೆಳಗ್ಗಿಂದ ಏನೂ ತಿಂದಿಲ್ಲ."

ನಾನು ಬಾಯಿ ಬಿಡಲಿಲ್ಲ.